ಟೂಸಾನ್‌ನ ಮಣಿ ಸಂತೆ ಮತ್ತು ಒಂದು ಅವಲಕ್ಕಿ ಸರ

ಬರೆಯುವಾಗ ನಡುವೆ ಒಂದು ‘ಸಿ’ ಇಟ್ಟು, ಓದುವಾಗ ಅದನ್ನು ಗುಳುಂ ಎಂದು ನುಂಗಿಬಿಡಬೇಕಾದ ಊರು ಟೂಸಾನ್. ಅರಿಜೋನಾದ ದಕ್ಷಿಣಕ್ಕೆ, ಮೆಕ್ಸಿಕೋ ಗಡಿಗೆ ಸಮೀಪವಾಗಿ, ಸೊನೋರನ್ ಮರುಭೂಮಿಯ ಮಡಿಲಲ್ಲಿದೆ. ಮರುಭೂಮಿ ಎಂದೊಡನೆ ಮರಳುಗುಡ್ಡ, ಒಂಟೆ ಎಂದುಕೊಳ್ಳಬೇಡಿ. ಇಲ್ಲಿರುವುದು ಮನುಷ್ಯರಂತೆ ಕೈ ಎತ್ತಿ ನಿಂತ ಸಗ್ವಾರೋ ಕಳ್ಳಿಗಳ ಕಾಡು. ಈ ಕಳ್ಳಿಗೆ ಮೊದಲ ಕೈ ಮೂಡಬೇಕಾದರೆ 50ರಿಂದ 75 ವರ್ಷ ಹಿಡಿಯುತ್ತದೆ. ನಮ್ಮಲ್ಲಿ ಮೊಮ್ಮಕ್ಕಳನ್ನು ಕಂಡ ಅಜ್ಜ ಎನ್ನುವ ವಯಸ್ಸಿನಲ್ಲಿ ಅದಕ್ಕೆ ಮೊದಲ ಕೊಂಬೆ!

ಫೀನಿಕ್ಸ್ ಕಡೆಯಿಂದ ಐ-10 ಹೆದ್ದಾರಿ ಹಿಡಿದರೆ ನೂರು ಮೈಲಿ ಚಿಲ್ಲರೆ. ದಾರಿಯಲ್ಲಿ ಪಿಕಾಚೊ ಎಂಬ ಚೂಪು ಬೆಟ್ಟ, ಅದರ ಬುಡದಲ್ಲಿ ಉಷ್ಟ್ರಪಕ್ಷಿಗಳ ಫಾರ್ಮು. ಮಕ್ಕಳಿರುವವರು ಅಲ್ಲಿ ನಿಲ್ಲಿಸದೆ ಮುಂದೆ ಹೋಗಲಾರರು.

ನಾನು ಈ ದಾರಿ ಹಿಡಿದದ್ದು ಮಣಿಗಳಿಗಾಗಿ. ಗಂಡನ ಕೆಲಸದ ಜೊತೆ 2003ರಲ್ಲಿ ಈ ದೇಶಕ್ಕೆ ಬಂದಾಗ ನನಗೆ ದುಡಿಯುವ ವೀಸಾ ಇರಲಿಲ್ಲ. ಕೈಗೆ ಕೆಲಸ ಬೇಕಲ್ಲ? ಊರಿನಿಂದ ತಂದಿದ್ದ ಚನ್ನಪಟ್ಟಣದ ಮರದ ಮಣಿಗಳನ್ನು ಪೋಣಿಸಿ ಗೆಳತಿಯರಿಗೆ ಕೊಡುತ್ತಿದ್ದೆ. ಹಸಿರು ಕಾರ್ಡ್ ಬಂದ ಮೇಲೆ ಅದೇ ವ್ಯಾಪಾರವಾಯಿತು. ಆಲೆ ಮರದ ತುಂಡು ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಕೂರುತ್ತದೆ. ಆ ಮಣಿ ಹಗುರ, ಕಿವಿಗೆ ಭಾರವಿಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ ಎಂದು ಗಿರಾಕಿಗಳಿಗೆ ಹೆಮ್ಮೆಯಿಂದ ಹೇಳುತ್ತೇನೆ.

ಕ್ರಾಫ್ಟ್ ಶೋ ಎಂದರೆ ನಮ್ಮ ಸಂತೆಯೇ. ಹತ್ತಡಿಗೆ ಹತ್ತಡಿ ಜಾಗ, ಮೇಲೊಂದು ಬಿಳಿ ಡೇರೆ, ಗಾಳಿಗೆ ಹಾರದಂತೆ ನಾಲ್ಕು ಕಾಲಿಗೂ ಮರಳಿನ ಚೀಲ. ವ್ಯತ್ಯಾಸ ಇಷ್ಟೇ: ಸಂತೆಗೆ ಯಾರು ಬೇಕಾದರೂ ಬರಬಹುದು, ಇಲ್ಲಿ ತಿಂಗಳುಗಳ ಮೊದಲೇ ನಮ್ಮ ಕೆಲಸದ ಚಿತ್ರ ಕಳಿಸಿ, ತೀರ್ಪುಗಾರರು ಒಪ್ಪಿ, ಬಾಡಿಗೆ ಕಟ್ಟಿ, ರಾಜ್ಯದ ತೆರಿಗೆ ಲೈಸೆನ್ಸ್ ಪಡೆದು ಬರಬೇಕು. ನನ್ನ ಮೊದಲ ಶೋನಲ್ಲಿ ಇಡೀ ದಿನ ಬಿಸಿಲಲ್ಲಿ ನಿಂತು ಮಾರಿದ್ದು 86 ಡಾಲರ್. ಜಾಗದ ಬಾಡಿಗೆಯೇ ಅದಕ್ಕಿಂತ ಹೆಚ್ಚು!

ಇನ್ನೊಂದು ತಮಾಷೆ. “ಇದು ಇಂಡಿಯನ್ ಜ್ಯೂಯೆಲ್ರಿಯೇ?” ಎಂದು ಯಾರಾದರೂ ಕೇಳಿದರೆ ಹೌದೆನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ಆದರೆ ಅರಿಜೋನಾದಲ್ಲಿ ಆ ಮಾತಿಗೆ ನವಾಹೋ, ಹೋಪಿ, ಜೂನಿ ಜನರ ಬೆಳ್ಳಿ ಕೆಲಸ ಎಂಬ ಅರ್ಥ. ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಮಾರುವುದನ್ನು 1990ರ ಕಾಯ್ದೆ ನಿಷೇಧಿಸುತ್ತದೆ. ಅದಕ್ಕೇ ನನ್ನ ಡೇರೆಯ ಮುಂದೆ ದೊಡ್ಡ ಫಲಕ: ‘ಚನ್ನಪಟ್ಟಣದ ಮಣಿ, ಕರ್ನಾಟಕ, ಭಾರತ ದೇಶ’. ಕೆಳಗೆ ಅದನ್ನೇ ಕನ್ನಡ ಅಕ್ಷರಗಳಲ್ಲಿ ಅಂದಕ್ಕೆ ಬರೆಸಿದ್ದೇನೆ.

ಮಣಿ ವ್ಯಾಪಾರಿಗೆ ಟೂಸಾನ್ ಕಾಶಿಯಿದ್ದಂತೆ. 1955ರಲ್ಲಿ ಒಂದು ಪ್ರಾಥಮಿಕ ಶಾಲೆಯಲ್ಲಿ ಶುರುವಾದ ರತ್ನ-ಖನಿಜ ಪ್ರದರ್ಶನ ಈಗ ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಊರಿಡೀ ಹರಡಿಕೊಳ್ಳುತ್ತದೆ. ಮೋಟೆಲ್ ಕೋಣೆಗಳೂ ಅಂಗಡಿಗಳಾಗಿ, ಮಂಚದ ಮೇಲೆ ಹವಳ, ಸ್ನಾನದ ಕೋಣೆಯಲ್ಲಿ ಸ್ಫಟಿಕ! ಜೈಪುರದ ವ್ಯಾಪಾರಿಗಳ ಬಳಿ ಹಿಂದಿಯಲ್ಲಿ ಚೌಕಾಸಿ ಮಾಡಿ 16 ಇಂಚಿನ ಸರಗಳನ್ನು ಕೊಳ್ಳುವ ಸುಖವೇ ಬೇರೆ. ಅರಿಜೋನಾದ ಆಕಾಶನೀಲಿ ಟರ್ಕಾಯ್ಸ್ ಕಲ್ಲನ್ನು ಮಾತ್ರ ವಿಚಾರಿಸಿ ಕೊಳ್ಳಬೇಕು. ಹೆಸರಾಂತ ಸ್ಲೀಪಿಂಗ್ ಬ್ಯೂಟಿ ಗಣಿ 2012ರಲ್ಲಿ ಆ ಕಲ್ಲು ತೆಗೆಯುವುದನ್ನು ನಿಲ್ಲಿಸಿದೆ. ಬಣ್ಣ ಹಾಕಿದ ಬೇರೆ ಕಲ್ಲುಗಳು ಸಂತೆಯಲ್ಲಿ ಬೇಕಾದಷ್ಟಿವೆ.

2008ರ ಫೆಬ್ರವರಿಯಲ್ಲಿ ಅಂಥದೇ ಒಂದು ಮೋಟೆಲಿನಿಂದ ಕೋಲಾರಕ್ಕೆ ಫೋನ್ ಮಾಡಿದೆ. ಊರಿನ ಹೆಸರು ಕೇಳಿ ಅಮ್ಮ ಒಂದು ಕ್ಷಣ ಸುಮ್ಮನಾದರು. “ಟೂಸಾನಾ? ನನ್ನ ಚಿಕ್ಕಮ್ಮನ ಮಗ ಅಲ್ಲೇ ಇದ್ದ ಕಣೇ” ಎಂದರು.

ಆ ಮಾವನ ವಿಷಯ ನಮ್ಮ ಮನೆಯಲ್ಲಿ ಪಿಸುಮಾತು. ಅವರ ತಂದೆ ಕೋಲಾರ ಚಿನ್ನದ ಗಣಿಯಲ್ಲಿ ಗುಮಾಸ್ತರು. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಆ ಗಣಿ ನೋಡುತ್ತ ಬೆಳೆದ ಹುಡುಗ ಗಣಿವಿದ್ಯೆ ಕಲಿತು, 1974ರಲ್ಲಿ ಹೆಚ್ಚಿನ ಓದಿಗೆಂದು ಟೂಸಾನ್‌ಗೆ ಬಂದರಂತೆ. ಅಮೆರಿಕದ ತಾಮ್ರಕ್ಕೆ ಅರಿಜೋನಾವೇ ತವರು ತಾನೆ? ಇಲ್ಲೇ ಕೆಲಸ ಸಿಕ್ಕಿತು, ಇಲ್ಲಿಯ ಮೆಕ್ಸಿಕನ್ ಮನೆತನದ ನರ್ಸ್ ಒಬ್ಬರನ್ನು ಮದುವೆಯಾದರು. ಊರಿನಲ್ಲಿ ದೊಡ್ಡವರು “ಇನ್ನು ಆ ಮನೆಗೆ ಕಾಗದ ಬರೆಯಕೂಡದು” ಎಂದುಬಿಟ್ಟರು. 1989ರಲ್ಲಿ ಚಿಕ್ಕಜ್ಜಿ ತೀರಿಕೊಂಡಾಗ ಅಮ್ಮ ಕದ್ದು ಬರೆದ ಕಾಗದ, ವಿಳಾಸ ಬದಲಾಗಿದ್ದರಿಂದ ವಾಪಸು ಬಂತು.

ಮೋಟೆಲಿನ ಡ್ರಾಯರಿನಲ್ಲಿ ಬೈಬಲ್ ಪಕ್ಕ ಟೆಲಿಫೋನ್ ಡೈರೆಕ್ಟರಿ ಇತ್ತು. ಮಾವ ನಮ್ಮ ಹಲವರಂತೆ ಹೆಸರಿನ ಕೊನೆಗೆ ಊರನ್ನೇ ಅಂಟಿಸಿಕೊಂಡಿದ್ದರು. ‘ಕೋಲಾರ’ ಎಂದು ಇಡೀ ಪುಸ್ತಕದಲ್ಲಿ ಒಂದೇ ಸಾಲು! ಫೋನ್ ಮಾಡಲು ಧೈರ್ಯ ಸಾಲಲಿಲ್ಲ. ಕನ್ನಡದಲ್ಲಿ ಕಾಗದ ಬರೆದೆ. ಡಿಸೆಂಬರಿನಲ್ಲಿ ಫೋರ್ತ್ ಅವೆನ್ಯೂ ಬೀದಿ ಜಾತ್ರೆಯಲ್ಲಿ ನನ್ನ ಡೇರೆ ಇರುತ್ತದೆಂದು ತಿಳಿಸಿದೆ. ಉತ್ತರ ಬರಲಿಲ್ಲ.

ಆ ಜಾತ್ರೆ ವರ್ಷಕ್ಕೆರಡು ಬಾರಿ, ಡಿಸೆಂಬರಿನಲ್ಲೊಮ್ಮೆ, ವಸಂತದಲ್ಲೊಮ್ಮೆ. ಬೀದಿಯುದ್ದಕ್ಕೂ ನೂರಾರು ಡೇರೆಗಳು. ಶನಿವಾರ ಮಧ್ಯಾಹ್ನ ಹ್ಯಾಟು ಹಾಕಿದ ಒಬ್ಬ ಹಿರಿಯರು ನನ್ನ ಫಲಕದ ಮುಂದೆ ನಿಂತರು. ಬೆರಳಿಟ್ಟು “ಚ-ನ್ನ-ಪ-ಟ್ಟ-ಣ” ಎಂದು ಒಂದೊಂದೇ ಅಕ್ಷರ ಓದಿದರು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕನ ಮಗಳಾ ನೀನು?” ಎಂದರು. ಕಾಗದ ಓದಲು ಅವರಿಗೆ ಎರಡು ವಾರ ಹಿಡಿದಿತ್ತಂತೆ, ಉತ್ತರ ಬರೆಯಲು ಕೈ ಬಂದಿರಲಿಲ್ಲವಂತೆ. ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಅಮ್ಮ ಹೋಗುವಾಗ ನನ್ನ ಮೇಲೆ ಸಿಟ್ಟಿತ್ತಾ?”

ನನಗೆ ಗೊತ್ತಿರಲಿಲ್ಲ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹೇಳಿದ್ದು ಕೇಳಿ ನಾನೇ ಕುಸಿದು ಕೂತೆ. ಚಿಕ್ಕಜ್ಜಿ ಕೊನೆಯ ದಿನಗಳಲ್ಲಿ ತಮ್ಮ ಚಿನ್ನದ ಅವಲಕ್ಕಿ ಸರ ತೆಗೆದು ಅಮ್ಮನ ಕೈಗಿಟ್ಟು, “ಇದು ಅವನ ಹೆಂಡತಿಗೆ. ಯಾವತ್ತಾದರೂ ಬಂದರೆ ಕೊಡು” ಎಂದಿದ್ದರಂತೆ. ಹತ್ತೊಂಬತ್ತು ವರ್ಷ ಅದು ಟ್ರಂಕಿನಲ್ಲಿ, ಅರಿಸಿನ ಬಟ್ಟೆಯಲ್ಲಿ ಸುತ್ತಿ ಕಾದಿತ್ತು.

ಮರುವರ್ಷ ಊರಿಗೆ ಹೋಗಿ ತಂದೆ. ದಾರ ಜೀರ್ಣವಾಗಿ ಮುಟ್ಟಿದರೆ ಉದುರುತ್ತಿತ್ತು. ಎಷ್ಟೋ ಅಪರಿಚಿತರ ಸರ ಪೋಣಿಸಿದ್ದೇನೆ, ಆದರೆ ಅಂದು ಕೈ ನಡುಗಿದಷ್ಟು ಎಂದೂ ನಡುಗಿಲ್ಲ. ಒಂದು ಗುಂಡೂ ಬದಲಿಸದೆ ಹೊಸ ರೇಷ್ಮೆ ದಾರಕ್ಕೆ ಏರಿಸಿದೆ. ಅತ್ತೆ ಅದನ್ನು ಹಾಕಿಕೊಂಡು ಕನ್ನಡಿ ನೋಡಲಿಲ್ಲ, ಗಂಡನ ಮುಖ ನೋಡಿದರು. ಮಾವ ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ನಿಂಬೆ ಗಿಡಕ್ಕೆ ನೀರು ಹಾಕಿದರು.

2010ರಲ್ಲಿ ಅಮ್ಮ ಬಂದಾಗ ಎಲ್ಲರೂ ಸೇರಿ ಸ್ಯಾನ್ ಜೇವಿಯರ್ ಚರ್ಚಿಗೆ ಹೋದೆವು. ಊರಿನ ದಕ್ಷಿಣಕ್ಕೆ ಟೊಹೊನೊ ಓಧಮ್ ಜನರ ನೆಲದಲ್ಲಿ 1783ರಿಂದ 1797ರವರೆಗೆ ಕಟ್ಟಿದ, ಸುಣ್ಣದಂತೆ ಬೆಳ್ಳಗಿನ ಕಟ್ಟಡ. ಎದುರಿನ ಬಯಲಿನಲ್ಲಿ ಅವರ ಹೆಂಗಸರು ಕರಿದ ರೊಟ್ಟಿ ಮಾರುತ್ತಾರೆ, ಥೇಟ್ ನಮ್ಮ ದೊಡ್ಡ ಪೂರಿ! ಆ ಜನರ ಬುಟ್ಟಿಯ ಮೇಲೂ ಬೆಳ್ಳಿ ಪದಕದ ಮೇಲೂ ಒಂದು ಚಿತ್ರ ಕಾಣುತ್ತೀರಿ: ಸುರುಳಿ ದಾರಿಯ ಬಾಗಿಲಲ್ಲಿ ನಿಂತ ಮನುಷ್ಯ. ಹಳೇಬೀಡಿನ ಗೋಡೆಯ ಚಕ್ರವ್ಯೂಹವನ್ನು ನೋಡಿದವರಿಗೆ ತಟ್ಟನೆ ಅದೇ ನೆನಪು. ಅಭಿಮನ್ಯುವಿಗೆ ಹೊರಬರುವ ದಾರಿ ತಿಳಿದಿರಲಿಲ್ಲ. ಓಧಮ್ ಜನರಿಗೆ ಮಾತ್ರ ಆ ಸುತ್ತುಗಳೇ ಬಾಳಿನ ಪಯಣ. ಮಾವ ಅಂಥದೊಂದು ಪದಕ ಕೊಂಡು ಅಮ್ಮನ ಕೈಗಿಟ್ಟರು, ಏನೂ ಹೇಳಲಿಲ್ಲ.

ಮಾವ ದುಡಿದಿದ್ದ ಸ್ಯಾನ್ ಮ್ಯಾನುಯೆಲ್ ತಾಮ್ರದ ಗಣಿ 1999ರಲ್ಲಿ ನಿಂತಿತು, 2007ರಲ್ಲಿ ಅದರ ಎರಡು ಚಿಮಣಿಗಳನ್ನೂ ಉರುಳಿಸಿದರು. ಅವರ ತಂದೆ ದುಡಿದ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. “ಅಪ್ಪನ ಗಣಿಯೂ ಇಲ್ಲ, ನನ್ನದೂ ಇಲ್ಲ. ಸರ ಒಂದು ಉಳಿಯಿತು” ಎಂದು ನಗುತ್ತಾರೆ.

ಈಗ ಕ್ರಿಸ್ಮಸ್ ಮೊದಲು ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿ ಜೋಳದ ಸಿಪ್ಪೆಯಲ್ಲಿ ತಮಾಲೆ ಸುತ್ತುವಾಗ ನಾವೂ ಹಾಜರು. ಹಬೆಯಲ್ಲಿ ಬೆಂದ ಅದು ನಮ್ಮ ಕಡುಬಿನ ದೂರದ ನೆಂಟ. ಗೌರಿ ಹಬ್ಬಕ್ಕೆ ಅವರೆಲ್ಲ ನಮ್ಮಲ್ಲಿಗೆ. ಮಾವನ ಮೊಮ್ಮಗಳು ಜಾತ್ರೆಯಲ್ಲಿ ನನ್ನ ಪಕ್ಕ ಕೂತು ಇಂಗ್ಲಿಷು, ಸ್ಪ್ಯಾನಿಷು ಎರಡರಲ್ಲೂ ವ್ಯಾಪಾರ ಮಾಡುತ್ತಾಳೆ. ಅವಳಿಗೆ ಬರುವ ಕನ್ನಡ ಸದ್ಯಕ್ಕೆ ‘ಮಣಿ’, ‘ಸರ’, ‘ಬೇಗ ಬಾ’!

ಓದುಗ ಮಿತ್ರರೇ, ಟೂಸಾನ್‌ಗೆ ಬರುವುದಾದರೆ ಡಿಸೆಂಬರ್ ಅಥವಾ ಫೆಬ್ರವರಿಯಲ್ಲಿ ಬನ್ನಿ. ನೀರಿನ ಬಾಟಲಿ, ಟೋಪಿ ಮರೆಯಬೇಡಿ. ಹೊರಡುವ ಮೊದಲು ಊರಿಗೆ ಫೋನ್ ಮಾಡಿ, ಆ ಕಡೆ ನಮ್ಮವರು ಯಾರಾದರೂ ಇದ್ದಾರೆಯೇ ಎಂದು ಹಿರಿಯರನ್ನು ಕೇಳಿ. ಅವರ ಟ್ರಂಕಿನಲ್ಲಿ ಯಾರಿಗೆ ಸೇರಬೇಕಾದದ್ದು ಏನಿದೆಯೋ, ಕೇಳುವವರಿಲ್ಲದೆ ಅವರೂ ಹೇಳಿರುವುದಿಲ್ಲ.