ಚುಕ್ಕಿ ರಂಗೋಲಿಯೊಳಗಿನ ಗಣಿತ

ಐದನೇ ಕ್ಲಾಸಿನ ತನಕಾ ಮಕ್ಕಳು ಗಣಿತಕ್ಕ ಅಷ್ಟು ಅಂಜೂದಿಲ್ಲ. ಕೂಡಿಸೂದು, ಕಳಿಯೂದು, ಮಗ್ಗಿ ಎಲ್ಲಾ ಕೈಬೆರಳಿನಾಗ, ಕಿರಾಣಿ ಅಂಗಡ್ಯಾಗ ಕಾಣತಾವ. ಏಳು, ಎಂಟಕ್ಕ ಬಂದ್ರ ಎಕ್ಸು, ಮೈನಸ್ಸು, ವರ್ಗಮೂಲ ಬರತಾವ. ಅವು ಕಣ್ಣಿಗೆ ಕಾಣೂದಿಲ್ಲ. ಅಲ್ಲೇ ಮಕ್ಕಳು "ನನ್ನ ತಲಿಗೆ ಹತ್ತೂದಿಲ್ಲ" ಅಂತ ಕೈಬಿಡತಾವ. ಹೆಣ್ಣುಮಕ್ಕಳು ಹಂಗಂದ್ರ ಮನಿಯವರು ಲಗೂನ ಒಪ್ಪಿಬಿಡತಾರ. ನನಗ ಸಂಕಟ ಆಗೂದು ಅದಕ್ಕ.

ನಮ್ಮನಿಗೆ ಭಾಂಡೆ ತಿಕ್ಕಲಿಕ್ಕೆ ಬರೂವಾಕಿ ಮಗಳು ಈಗ ಎಂಟನೇ ಕ್ಲಾಸು. ಮಳಿಗಾಲದಾಗ ಒಂದಿನ ಅವರವ್ವ ಅಂದ್ಲು, "ಲೆಕ್ಕ ಬರವಲ್ದು ಅಂತಾಳ್ರೀ ಅಕ್ಕಾರ. ಹತ್ತನೇದ್ರಾಗ ನಪಾಸ ಆಗೂದಾದ್ರ ಈಗ ಬಿಡಸ್ತೀನಿ. ನನ್ನ ಜೋಡಿ ನಾಕು ಮನಿ ಹಿಡೀಲಿ."

"ಈ ವರ್ಷ ಒಂದು ತಡಿಯವಾ, ಸಾಲಿ ಬಿಟ್ಟ ಮ್ಯಾಲ ಹುಡುಗಿನ್ನ ನನ್ನ ಕಡೆ ಕಳಸು" ಅಂದೆ. ನಾ ಕಲ್ತದ್ದು ಪಿಯುಸಿ ತನಕಾ. ಪಾಠಾ ಹೇಳೂದು ನನಗೇನು ಬರತದ? ಆದ್ರ ರಂಗೋಲಿ ಬರತದ.

ಹಿತ್ತಲ ಕಟ್ಟಿ ಮ್ಯಾಲ ನೇರ ಚುಕ್ಕಿ ಇಡಿಸಿದೆ: 1, 3, 5, 7, ಮತ್ತ 5, 3, 1. ಎಷ್ಟಾದ್ವು? ಎಣಿಸಿ 25 ಅಂದ್ಲು. "ಮ್ಯಾಲಿನ ನಾಕು ಸಾಲು ಅಷ್ಟೇ ಕೂಡಿಸು." 16. "ಕೆಳಗಿನ ಮೂರು?" 9. ಅಷ್ಟಕ್ಕ ನಾ ಬಾಯಿ ಮುಚ್ಚಿಕೊಂಡು ಅವರೀಕಾಯಿ ಸುಲಕೋತ ಕೂತೆ. ಸ್ವಲ್ಪ ಹೊತ್ತಾದ ಮ್ಯಾಲ ಆಕಿನ ಅಂದ್ಲು, "ಅಮ್ಮಾರ, ನಾಕ ನಾಕಲೆ ಹದಿನಾರು, ಮೂರ ಮೂರಲೆ ಒಂಬತ್ತು!"

ಮರುದಿನ 9 ಚುಕ್ಕಿದು ಇಡೂ ಮದಲ ಕೇಳಿದೆ. ಎಣಿಸಲಾರದನ 25ಕ್ಕ 16 ಕೂಡಿಸಿ 41 ಅಂದ್ಲು. ಇಟ್ಟು ನೋಡಿದ್ರ ಖರೇನ 41. ಬೆಸ ಸಂಖ್ಯೆ ಒಂದರಿಂದ ಸಾಲಾಗಿ ಕೂಡಿಸಿದ್ರ ವರ್ಗ ಬರತದ ಅಂತ ಆಕಿ ಪುಸ್ತಕದಾಗೂ ಅದ. ಓದಿದ್ಲು, ಆದ್ರ ಕಂಡಿರಲಿಲ್ಲ.

"ಯಾಕ ಹಂಗ ಬರತದ?" ಅಂತ ಆಕಿನ ಕೇಳಿದ್ಲು. 7 ಚುಕ್ಕಿದಕ್ಕ ಬಣ್ಣ ಹಾಕಿಸಿದೆ: ಅಂಚಿಗೆಲ್ಲಾ ಹಳದಿ, ಒಳಗ ಒಂದು ಬಿಟ್ಟು ಒಂದು ಕೆಂಪು, ಹಳದಿ. ತಲಿ ವಾರಿ ಮಾಡಿ ನೋಡ್ರಿ. ಹಳದಿ ಚುಕ್ಕಿ ನಾಕು ಸಾಲು, ಸಾಲಿಗೆ ನಾಕು. ಅದರ ಸಂದಿನಾಗ ಕೆಂಪು ಮೂರು ಸಾಲು, ಸಾಲಿಗೆ ಮೂರು. ಎರಡು ಚೌಕ ಒಂದರಾಗೊಂದು ಕೂತಾವ. ನಾವು ಇಷ್ಟು ವರ್ಷ ಬಾಗಲ ಮುಂದ ಹಾಕಿದ್ದು ಅದನ್ನ!

ಮೈನಸ್ಸಿಗೆ ಉದ್ರಿ ಪುಸ್ತಕ ಸಾಕಾತು. ಬಾಕಿ ಅಂದ್ರ ಮೈನಸ್ಸು. ಹೊಡೆದು ಹಾಕೂದೂ ಮೈನಸ್ಸು. ಅಂಗಡಿಯಾಂವ ನಿಮ್ಮ ಲೆಕ್ಕದಾಗಿಂದ ಇಪ್ಪತ್ತಿಪ್ಪತ್ತು ರೂಪಾಯಿದ್ದು ಮೂರು ಬಾಕಿ ಹೊಡೆದು ಹಾಕಿದ್ರ ನಿಮಗೇನಾತು? "ಅರವತ್ತು ಉಳೀತು." ಮೈನಸ್ಸು ಮೈನಸ್ಸು ಗುಣಿಸಿದ್ರ ಯಾಕ ಪ್ಲಸ್ ಅಂತ ಬ್ಯಾರೆ ಹೇಳಬೇಕಾಗಲಿಲ್ಲ. ಉದ್ರಿ ಅವರ ಮನಿ ಮಾತು.

ಅಡಗಿಮನಿಗೂ ಗಣಿತಕ್ಕೂ ಏನು ಸಂಬಂಧ ಅನ್ನಬ್ಯಾಡ್ರಿ. ಒಂಬತ್ತನೇ ಶತಮಾನದಾಗ, ನಮ್ಮ ಮಳಖೇಡದಾಗ ಅಮೋಘವರ್ಷ ಆಳೂವಾಗ, ಮಹಾವೀರಾಚಾರ್ಯ ಅಂತ ಜೈನ ಪಂಡಿತರಿದ್ರು. ತಮ್ಮ 'ಗಣಿತಸಾರಸಂಗ್ರಹ'ದ ಸುರುವಿನಾಗ ಗಣಿತ ಎಲ್ಲೆಲ್ಲೆ ಬೇಕು ಅಂತ ಹೇಳ್ತಾರ. ಸಂಗೀತ, ವೈದ್ಯ, ಮನಿ ಕಟ್ಟೂದರ ಜೋಡಿ ಅಡಗೀನೂ ಅದರಾಗ ಅದ.

ಚಾಕಲೇಟ ಆಸೆ ಹಚ್ಚಿ, ಮೊಬೈಲಿನಾಗ ಆಟಾ ಆಡಿಸಿ ಗಣಿತದ ರುಚಿ ಹತ್ತಸ್ತೀವಿ ಅಂತಾರ. ನಾ ಕಂಡಿದ್ದು ಇಷ್ಟ: ಉತ್ತರ ತಾನ ಹುಡುಕಿದಾಗ ಆ ಮಾರಿಮ್ಯಾಲ ಬರೂ ಕಳೆ ಬ್ಯಾರೆ. ಅದಕ್ಕ ದೊಡ್ಡವರು ಒಂದು ಪ್ರಶ್ನೆ ಕೇಳಿ ಸುಮ್ಮನಿರಬೇಕು. ಸುಮ್ಮನಿರೂದ ಬಿರಿ ಕೆಲಸ.

ಹುಡುಗಿ ಇನ್ನೂ ತಪ್ಪು ಮಾಡತಾಳ, ಭಿನ್ನರಾಶಿ ಭಾಗಾಕಾರಕ್ಕ ಅಳತಾಳ. ಆದ್ರ ದಸರಾ ಸೂಟಿ ಮುಗಿದ ಮ್ಯಾಲ ಅವರವ್ವ ಹೊಸಾ ಕಂಪಾಸ ಪೆಟ್ಟಿಗಿ ತಂದುಕೊಟ್ಲು. ಬಿಡಸೂ ಮಾತು ಸದ್ಯ ನಿಂತದ.

ನಿಮ್ಮ ಮನಿ, ಆಜೂಬಾಜೂದಾಗ ಇಂಥಾ ಹುಡುಗೀರು ಇದ್ರ 11 ಚುಕ್ಕಿ ರಂಗೋಲಿ ಇಡಿಸಿ ಕೇಳ್ರಿ. ಉತ್ತರ ನಾ ಬರಿಯೂದಿಲ್ಲ, ನೀವೂ ಹೇಳಬ್ಯಾಡ್ರಿ.