ಮೇ ತಿಂಗಳ ನೀರು

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ತೋಟ ಹುಟ್ಟುವುದು ಮುಂಗಾರಿನಲ್ಲಿ. ಎಸ್‌ಡಿಎಂಸಿಯವರು, ಹಳೆ ವಿದ್ಯಾರ್ಥಿಗಳು, ಊರಿನ ಯುವಕರು ಹಾರೆ ಗುದ್ದಲಿ ಹಿಡಿದು ಬರುತ್ತಾರೆ. ಗುಂಡಿ ತೋಡುತ್ತಾರೆ. ಯಾರದೋ ಮನೆಯ ತಿಪ್ಪೆಯಿಂದ ಗೊಬ್ಬರ ಬರುತ್ತದೆ. ಉಪ್ಪಿಟ್ಟು, ಚಹಾ, ಕೊನೆಗೊಂದು ಫೋಟೊ. ಶ್ರಮದಾನಕ್ಕೆ ಈಗ ಜನ ಸಿಗುವುದಿಲ್ಲ ಎಂಬ ಮಾತು ಅಷ್ಟೇನೂ ನಿಜವಲ್ಲ. ನೆಡುವ ದಿನ ಜನ ಸಿಗುತ್ತಾರೆ. ತೋಟ ಸಾಯುವುದು ಬೇಸಿಗೆಯಲ್ಲಿ, ಯಾರೂ ಇಲ್ಲದಾಗ.

ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ಬೀಗ ಬೀಳುತ್ತದೆ. ಮಕ್ಕಳು ಅಜ್ಜಿ ಮನೆಗೆ, ಮೇಷ್ಟ್ರು ತಮ್ಮೂರಿಗೆ. ಬಿಸಿಯೂಟದ ಒಲೆ ಆರಿದರೆ ಅಕ್ಕಿ ತೊಳೆದ ನೀರು, ಮಕ್ಕಳು ತಟ್ಟೆ ತೊಳೆದ ನೀರು ಹರಿಯುತ್ತಿದ್ದ ಸಣ್ಣ ಕಾಲುವೆಯೂ ಒಣಗುತ್ತದೆ. ಮುರಿದ ಬೇಲಿಯಲ್ಲಿ ಮೇಕೆ ನುಗ್ಗುತ್ತದೆ. ಶಾಲೆ ಮತ್ತೆ ತೆರೆದಾಗ ಉಳಿದಿರುವುದು ಕಡ್ಡಿಗಳ ಸಾಲು, ಜೊತೆಗೆ ದಾನಿಗಳ ಹೆಸರಿನ ಫಲಕ. ಮತ್ತೆ ಗುಂಡಿ, ಮತ್ತೆ ಉಪ್ಪಿಟ್ಟು.

ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ 2019ರಲ್ಲೇ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಆದರೆ ತೋಟದಿಂದ ಏನು ಬಯಸಬಹುದು ಎಂಬ ಲೆಕ್ಕವನ್ನು ಊರಿನವರೇ ಹಾಕಿಕೊಳ್ಳಬೇಕು. ಬಿಸಿಯೂಟದ ನಿಯಮದಂತೆ ಕಿರಿಯ ಪ್ರಾಥಮಿಕದ ಒಂದು ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. ಅರವತ್ತು ಪುಟ್ಟ ಮಕ್ಕಳಿಗೇ ದಿನಕ್ಕೆ 3 ಕಿಲೊ ಆಯಿತು. ಶಾಲೆಯ ಹಿಂದಿನ ನಾಲ್ಕು ಮಡಿ ಬೆಂಡೆ, ಟೊಮೆಟೊದಿಂದ ಅದು ದಿನವೂ ಬರುವ ಮಾತಲ್ಲ. ಆಸೆಪಟ್ಟು ಹೆಚ್ಚು ನೆಟ್ಟಷ್ಟೂ ನೀರು ಹೆಚ್ಚು ಬೇಕು, ಸಾಯುವ ಗಿಡವೂ ಹೆಚ್ಚು.

ಅದರ ಬದಲು ಎರಡು ನುಗ್ಗೆ, ಎರಡು ಕರಿಬೇವು, ಒಂದು ನಿಂಬೆ ಇದ್ದರೆ ನೋಡಿ. ನುಗ್ಗೆಯ ಗೆಲ್ಲನ್ನು ನೆಟ್ಟರೂ ಚಿಗುರುತ್ತದೆ. ಬೇರು ಇಳಿದ ಮೇಲೆ ಬಿಸಿಲನ್ನು ತಾನೇ ತಡೆದುಕೊಳ್ಳುತ್ತದೆ. ಸಾರಿಗೆ ಒಂದು ಹಿಡಿ ನುಗ್ಗೆಸೊಪ್ಪು ಬಿದ್ದರೂ ಅದರ ಬೆಲೆ ಬೇರೆ. ಹರಿವೆ, ಮೆಂತ್ಯ ಮಳೆಗಾಲದಲ್ಲಿ ಬೆಳೆದು ಮುಗಿದುಹೋಗಲಿ. ಅವುಗಳನ್ನು ಮೇ ತಿಂಗಳವರೆಗೆ ಎಳೆಯುವ ಹಟ ಬೇಡ. ಎಳೆ ಗಿಡದ ಬುಡದಲ್ಲಿ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂತು ನೀರು ತುಂಬಿ, ಬಾಯಿ ಮುಚ್ಚಿದರೆ ನೀರು ನಿಧಾನವಾಗಿ ಜಿನುಗುತ್ತದೆ. ದಿನವೂ ಬರಬೇಕಾದವರು ಕೆಲವು ದಿನಕ್ಕೊಮ್ಮೆ ಬಂದರೆ ಸಾಕು. ಹೊಳಪು ಬಂದ ಮಡಕೆ ಮಾತ್ರ ಬೇಡ, ಅದರಲ್ಲಿ ನೀರು ಜಿನುಗದು.

ಹಾಗೆ ಬರುವವರು ಯಾರು? ಮುಂಬಯಿ, ಪುಣೆಯಲ್ಲಿ ನೆಲೆಸಿದ ಹಳೆ ವಿದ್ಯಾರ್ಥಿಗಳು ಕಲಿತ ಶಾಲೆಗೆ ದುಡ್ಡು ಕಳಿಸುವುದು ಹೊಸತೇನಲ್ಲ. ಸಸಿ, ತಂತಿಬೇಲಿ, ಫಲಕ ಎಲ್ಲವೂ ಅದರಲ್ಲಿ ಬರುತ್ತವೆ. ಅವರು ಮಕ್ಕಳನ್ನು ಕರೆದುಕೊಂಡು ಊರಿಗೆ ಬರುವುದೂ ಇದೇ ಮೇ ತಿಂಗಳಲ್ಲಿ. ಮಾವಿನಹಣ್ಣು, ಮದುವೆ, ದೇವಸ್ಥಾನ ಎಂದು ಓಡಾಡುವ ಆ ಹದಿನೈದು ದಿನಗಳಲ್ಲಿ ಸಂಜೆ ನಾಲ್ಕು ಕೊಡ ನೀರು ದೊಡ್ಡ ಕೆಲಸವಲ್ಲ. ಅವರು ಹೊರಟ ಮೇಲೆ ಅಕ್ಕಪಕ್ಕದ ಮನೆಯವರು ಪಾಳಿ ಹಂಚಿಕೊಳ್ಳಬಹುದು.

ಆದರೆ ಶಾಲೆಯ ಗೇಟಿಗೆ ಬೀಗ ಇರುತ್ತದೆ, ಬೀಗದ ಕೈ ಹೆಡ್‌ಮೇಷ್ಟ್ರ ಜೊತೆ ಬೇರೆ ಊರಿಗೆ ಹೋಗಿರುತ್ತದೆ. ಬಿಸಿಯೂಟದ ಅಡುಗೆಯಕ್ಕನ ಮನೆ ಸಾಮಾನ್ಯವಾಗಿ ಅದೇ ಊರಿನಲ್ಲಿರುತ್ತದೆ. ರಜೆ ಶುರುವಾಗುವ ಮೊದಲೇ ಇನ್ನೊಂದು ಕೀ ಮಾಡಿಸಿ ಆಕೆಯ ಮನೆಯಲ್ಲಿ ಇಟ್ಟುಬಿಡಬೇಕು.