ಹದಿನೇಳರ ನಾಮಕರಣ

ಮಗುವನ್ನು ತೊಟ್ಟಿಲಿಗೆ ಹಾಕಿದ ದಿನವೇ ಕಿವಿಯಲ್ಲಿ ಹೆಸರು ಉಸುರುವುದು ನಮ್ಮ ರೂಢಿ. ನಮ್ಮ ರಾಜ್ಯಕ್ಕೆ ಮಾತ್ರ ಮೀಸೆ ಚಿಗುರುವ ವಯಸ್ಸಿನಲ್ಲಿ ನಾಮಕರಣವಾಯಿತು. ಹುಟ್ಟಿದ್ದು 1956ರ ನವೆಂಬರ್ 1ರಂದು. ‘ಕರ್ನಾಟಕ’ ಎಂದು ಕರೆಸಿಕೊಂಡಿದ್ದು ದೇವರಾಜ ಅರಸರ ಕಾಲದಲ್ಲಿ, 1973ರ ನವೆಂಬರ್ 1ರಂದು. ನಡುವಿನ 17 ವರ್ಷ ಬೀದರಿನವರೂ ಕಾರವಾರದವರೂ ಕಾಗದಪತ್ರಗಳಲ್ಲಿ ಮೈಸೂರಿನವರು!

ಹೆಸರೇನೂ ಹೊಸದಲ್ಲ. ಧಾರವಾಡದವರು 1890ರಲ್ಲೇ ತಮ್ಮ ವಿದ್ಯಾವರ್ಧಕ ಸಂಘಕ್ಕೆ ಕರ್ನಾಟಕದ ಹೆಸರಿಟ್ಟುಕೊಂಡಿದ್ದರು. ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದು, ಇಲ್ಲದ ರಾಜ್ಯಕ್ಕೆ ಇತಿಹಾಸವನ್ನು ಮೊದಲೇ ಒದಗಿಸಿದ್ದರು. ಆದರೆ 1964ರಲ್ಲಿ ತೀರಿಕೊಂಡ ಅವರಿಗೆ ನಾಮಕರಣದ ಊಟ ಉಣ್ಣುವ ಯೋಗ ಇರಲಿಲ್ಲ.

ಈ ಹೆಸರು ಬಂದದ್ದಾದರೂ ಎಲ್ಲಿಂದ? ಕಪ್ಪು ಮಣ್ಣಿನ ಕರಿ ನಾಡು ಎನ್ನುವುದು ಒಂದು ಪಕ್ಷ. ಎತ್ತರದ ನಾಡು, ಕರುನಾಡು ಎನ್ನುವುದು ಇನ್ನೊಂದು. ಮಳೆಗಾಲದಲ್ಲಿ ಗದಗಿನ ಕಡೆಯ ಎರೆಹೊಲಕ್ಕೆ ಕಾಲಿಟ್ಟು ಚಪ್ಪಲಿ ಕಳೆದುಕೊಂಡವರು ಮೊದಲನೆಯ ಪಕ್ಷಕ್ಕೆ ಸೇರುತ್ತಾರೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತುತ್ತಾ ಕಿವಿ ಮುಚ್ಚಿಕೊಂಡವರು ಎರಡನೆಯದಕ್ಕೆ. ನಾನು ಹತ್ತಿದ ಬಸ್ಸು ನೋಡಿಕೊಂಡು ಪಕ್ಷಾಂತರ ಮಾಡುವವನು. ನಮ್ಮ ರಾಜ್ಯದಲ್ಲಿ ಅದಕ್ಕೆ ಯಾರೂ ಬೇಸರಪಡುವುದಿಲ್ಲ.

ಈ ಹೆಸರಿಗೆ ತಿರುಗಾಟದ ಚಟ ಬೇರೆ. ವಿಜಯನಗರದ ಅರಸರದ್ದು ಕರ್ನಾಟಕ ಸಾಮ್ರಾಜ್ಯ. ಅವರ ಆಳ್ವಿಕೆಯ ಬೆನ್ನು ಹಿಡಿದು ಹೆಸರೂ ಘಟ್ಟ ಇಳಿಯಿತು. ಸಾಮ್ರಾಜ್ಯ ಹೋದರೂ ಅದು ಮಾತ್ರ ಹಿಂತಿರುಗಲಿಲ್ಲ. ಇಂಗ್ಲಿಷರು ಬರುವ ಹೊತ್ತಿಗೆ ‘ಕರ್ನಾಟಿಕ್’ ಎಂದರೆ ಆರ್ಕಾಟು ನವಾಬನ ಬಯಲುಸೀಮೆ. 1746ರಿಂದ 1763ರೊಳಗೆ ಅವರೂ ಫ್ರೆಂಚರೂ ಮೂರು ಕರ್ನಾಟಿಕ್ ಯುದ್ಧಗಳನ್ನು ಮಾಡಿದರು. ರಣರಂಗ ಮದರಾಸು, ಆರ್ಕಾಟು, ತಿರುಚಿನಾಪಳ್ಳಿಗಳದ್ದು. ಹೆಸರು ನಮ್ಮದು, ಇಸವಿ ಬಾಯಿಪಾಠ ಮಾಡುವ ಕರ್ಮವೂ ನಮ್ಮದು. ಸಂಗೀತದ ಕಥೆಯೂ ಇದೇ. ಕರ್ನಾಟಕ ಸಂಗೀತದ ಪಿತಾಮಹ ನಮ್ಮ ಪುರಂದರದಾಸರು, ಸರಿ. ತ್ರಿಮೂರ್ತಿಗಳು ಮೂವರೂ ಹುಟ್ಟಿದ್ದು ತಿರುವಾರೂರಿನಲ್ಲಿ. ಇತ್ತ ಧಾರವಾಡದ ಜಗಲಿಯಲ್ಲಿ ಕುಳಿತವರು ಹಾಡಿದ್ದು ಹಿಂದೂಸ್ತಾನಿ.

ಇನ್ನು ಬಿರುದುಗಳು. ಚಿನ್ನದ ನಾಡು, ಗಂಧದ ಬೀಡು ಎನ್ನದೆ ನವೆಂಬರಿನ ಭಾಷಣ ಮುಗಿಯುವುದಿಲ್ಲ. ಚಿನ್ನವೇನು ಸುಳ್ಳಲ್ಲ. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಅದು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಗಣಿಗೆ. ಬೆಂಗಳೂರಿನ ಬೀದಿದೀಪಗಳು 1905ರವರೆಗೆ ಕಾಯಬೇಕಾಯಿತು. ಅಷ್ಟು ಮರ್ಯಾದೆ ಕಂಡ ಗಣಿ 2001ರಲ್ಲಿ ಮುಚ್ಚಿತು. ಈಗ ಬಿರುದಿನ ಮಾನ ಕಾಯುತ್ತಿರುವುದು ರಾಯಚೂರು ಜಿಲ್ಲೆಯ ಹಟ್ಟಿ. ಗಂಧದ್ದು ಬೇರೆಯೇ ಗೋಳು. ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ ಮೇಲೆ ರೈತನ ಹಿತ್ತಲಲ್ಲಿ ಬೆಳೆದ ಮರವೂ ಅವನದಾಗಿರಲಿಲ್ಲ. ತಾನಾಗಿ ಮೊಳೆತ ಸಸಿಯನ್ನು ಕಂಡರೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚು. ಕಾನೂನು ತಿದ್ದಿ ಮರವನ್ನು ಜಮೀನಿನ ಒಡೆಯನಿಗೇ ಬಿಟ್ಟದ್ದೂ ಅದೇ 2001ರಲ್ಲಿ. ಈಗ ಅಂಜಿಕೆ ಸರ್ಕಾರದ್ದಲ್ಲ, ಕಳ್ಳರದ್ದು. ಗಂಧ ನೆಟ್ಟವನು ಬೇಲಿ ಹಾಕುತ್ತಾನೆ, ನಾಯಿ ಸಾಕುತ್ತಾನೆ, ರಾತ್ರಿ ಟಾರ್ಚು ಹಿಡಿದು ಎಣಿಸಿ ಬರುತ್ತಾನೆ. ‘ಸ್ಯಾಂಡಲ್‌ವುಡ್’ ಎಂದರೆ ಹುಡುಗರ ಕಣ್ಣಮುಂದೆ ಬರುವುದಂತೂ ಮರವಲ್ಲ, ಸಿನಿಮಾ.

ಹಾಗೆಂದು ಬಿರುದು ಬಿಟ್ಟುಕೊಡಲು ನಾನೂ ಸಿದ್ಧನಿಲ್ಲ. ಮನೆತನದ ಗೌಡಿಕೆ ಹೋದ ಮೇಲೂ ‘ಗೌಡರೇ’ ಎಂದರೆ ತಿರುಗಿ ನೋಡುವವರ ನಾಡು ಇದು. ಐಟಿ ರಾಜ್ಯ ಎಂಬ ಹೊಸ ಬಿರುದು ಬಂದಿದೆ; ಅದನ್ನು ಸೇರಿಸಿ ಯಾರೂ ಮಗುವನ್ನು ಮುದ್ದಿಸಿದ್ದು ಕೇಳಿಲ್ಲ. ‘ಚಿನ್ನ’ ಎನ್ನಬಹುದು, ‘ಸಾಫ್ಟ್‌ವೇರ್’ ಎನ್ನಲಾದೀತೆ?

ಕೆಳಗಿಳಿದ ಹಳೆಯ ಹೆಸರೂ ಸುಮ್ಮನೆ ಕೂತಿಲ್ಲ. ಮೈಸೂರು ಸಿಲ್ಕು, ಮೈಸೂರು ಮಲ್ಲಿಗೆ, ಮೈಸೂರು ಬೋಂಡ, ಮೈಸೂರು ಪಾಕು ಎಂದು ಅಂಗಡಿ ಅಂಗಡಿಯಲ್ಲೂ ಸಂಸಾರ ಹೂಡಿದೆ. ಸಂಸತ್ತು ಕಾಯಿದೆ ಮಾಡಿ ರಾಜ್ಯದ ಹೆಸರನ್ನು ಬದಲಿಸಿತು. ಮಿಠಾಯಿ ಅಂಗಡಿಯ ಬೋರ್ಡಿನ ಮೇಲೆ ‘ಕರ್ನಾಟಕ ಪಾಕು’ ಎಂದು ಬರೆಸಲಿ ನೋಡೋಣ!